ಬರೆದುಕೊಳ್ಳದೆ ಉಳಿದ ಸಾಕ್ಷಿ

ಫಾದರ್, ಆ ಪೆನ್ನು ಸ್ವಲ್ಪ ಕೆಳಗಿಡಿ.
ರೋಮಿಗೆ ಹೋಗುವ ಕಾಗದವಂತೆ,
ಸುಳ್ಳು ಒಂದಕ್ಷರ ಇರಬಾರದಂತೆ.
ನಾನು ಬಾಗಿ. ಜೆಪ್ಪಿನವಳು. ಹಂಚಿನ ಕಾರ್ಖಾನೆಯಲ್ಲಿ
ಮೂವತ್ತೆರಡು ವರ್ಷ ಹಸಿ ಹಂಚು ಹೊತ್ತವಳು.
ಮನೆಯ ಮೂಲೆಯಲ್ಲಿ ಕಲ್ಲುರ್ಟಿಗೆ ದೀಪ ಇಡುವವಳು.
ಇವಳ ಸಾಕ್ಷಿ ನಡೆಯುತ್ತದೋ ಇಲ್ಲವೋ
ಮೊದಲೇ ಕೇಳಿಕೊಳ್ಳಿ.

ಪವಾಡ ಕೇಳಿದಿರಿ.
ಪವಾಡ ನಾನು ಕಂಡಿಲ್ಲ.

ಕಂಡದ್ದು ಅವರ ಕೈ.
ನಿಮಗೆ ಸಿಸ್ಟರ್ ಪೆರ್ಪೆತುವಾ, ನಮಗೆ ಬರೀ ಮಾದ್ರಿ.
ಬಲಗೈಯ ನಡುಬೆರಳಿಗೆ ಉಗುರಿರಲಿಲ್ಲ,
ಡಿಸ್ಪೆನ್ಸರಿಯ ಕಬ್ಬಿಣದ ಬಾಗಿಲು ತಿಂದದ್ದು.
ಪಟದಲ್ಲಿ ಈಗ ಐದೂ ಉಗುರು ಬರೆಸಿದ್ದೀರಿ,
ಕೆನ್ನೆಗೆ ಗುಲಾಬಿ ಬಣ್ಣ.
ಪಾಲಡ್ಕದ ಗದ್ದೆಯಲ್ಲಿ ಬೆಳೆದ ಹೆಣ್ಣು ಅದು, ಫಾದರ್,
ನನ್ನಷ್ಟೇ ಕಪ್ಪು.
ಕೋಪ ಬಂದರೆ ಕೊಂಕಣಿ,
ಇನ್ನೂ ಬಂದರೆ ತುಳು.
ದೊಡ್ಡ ಡಾಕ್ಟರಿಗೆ ತುಳುವಿನಲ್ಲಿ ಬೈದದ್ದು
ಕಿವಿಯಾರೆ ಕೇಳಿದ್ದೇನೆ.

ನೆರೆ ಬಂದ ವರ್ಷ.
ನೇತ್ರಾವತಿ ತಾನು ಕೊಟ್ಟ ಮಣ್ಣನ್ನೆಲ್ಲ
ಹಂಚಾಗುವ ಮೊದಲೇ ವಾಪಸು ಕೊಂಡುಹೋದಳು.
ಆಮೇಲೆ ವಾಂತಿಬೇಧಿ. ನನ್ನ ಚೊಚ್ಚಲು ಹುಡುಗಿ,
ಹನ್ನೊಂದು ತಿಂಗಳು.
ಮಾದ್ರಿ ಮೂರು ರಾತ್ರಿ ಕೂತರು.
ಒಂದು ಚಮಚ ಉಪ್ಪುನೀರು,
ನೂರು ಎಣಿಸಿ ಇನ್ನೊಂದು ಚಮಚ.
ತುಟಿ ಅಲುಗುವುದು ಕಂಡು ಪ್ರಾರ್ಥನೆ ಅಂದುಕೊಂಡೆ.
ಹತ್ತಿರ ಹೋಗಿ ಕಿವಿಗೊಟ್ಟರೆ:
ತೊಂಬತ್ತೆಂಟು, ತೊಂಬತ್ತೊಂಬತ್ತು.

ನಾಲ್ಕನೆಯ ಬೆಳಿಗ್ಗೆ ಎಣಿಕೆ ನಿಂತಿತು.

ಇಲ್ಲ, ಮಗು ಬದುಕಲಿಲ್ಲ.
ಪೆನ್ನು ತೆಗೆದುಕೊಳ್ಳಿ ಈಗ, ಬರೆಯಿರಿ: ಬದುಕಲಿಲ್ಲ.
ಅದನ್ನು ದಾಟಿ ಮುಂದೆ ಹೋಗಬೇಡಿ.

ದೇವರ ಇಚ್ಛೆ ಎಂದು ಊರೆಲ್ಲ ಹೇಳಿತು,
ನಿಮ್ಮವರು ನಿಮ್ಮ ದೇವರದ್ದು, ನಮ್ಮವರು ನಮ್ಮದು.
ಮಾದ್ರಿ ಹೇಳಲಿಲ್ಲ.
ನಿಲುವಂಗಿ ಮೇಲೆತ್ತಿ ಸಿಕ್ಕಿಸಿ ಒಳಗಿನ ಕೆಸರು ತೋಡಿದರು.
ಒದ್ದೆ ಸೌದೆ ಊದಿ ಊದಿ ಒಲೆ ಹಿಡಿಸಿದರು.
ಅಡುಗೆ ಬರುತ್ತಿರಲಿಲ್ಲ ಅವರಿಗೆ;
ತಳ ಸೀದ ಕುಚ್ಚಲಕ್ಕಿ ಗಂಜಿ ಎದುರಿಟ್ಟು
ಉಣ್ಣು, ಅಂದರು. ಉಂಡೆ.
ಕುಡಿಯುವವರಿಲ್ಲದ ಹಾಲು ಎದೆಯಲ್ಲಿ ಕಲ್ಲಾಗಿತ್ತು.
ಬಿಸಿನೀರ ಬಟ್ಟೆ ಹಿಂಡಿ ಹಿಂಡಿ ಒತ್ತಿದವರೂ ಅವರೇ.
ಬಗ್ಗಿದಾಗ ಅವರ ಉಸಿರಿಗೆ
ನಶ್ಯದ ವಾಸನೆ.

ಹೌದು, ನಶ್ಯ.
ಅದಕ್ಕೇ ಪೆನ್ನು ಕೆಳಗಿಡಿ ಅಂದದ್ದು.

ಬಂದರಿನ ಬ್ಯಾರಿಯ ಅಂಗಡಿಯಿಂದ ತಿಂಗಳಿಗೊಂದು ಡಬ್ಬಿ
ಸೆರಗಿನ ಗಂಟಲ್ಲಿ ತಂದುಕೊಡುತ್ತಿದ್ದವಳು ನಾನು.
ಮಠದ ದೊಡ್ಡ ಮದರಿಗೆ ಗೊತ್ತಾದೀತೆಂದು ಎಷ್ಟು ಹೆದರಿಕೆ,
ವಾರಸುದಾರರಿಲ್ಲದ ಹೆಣ ತೊಳೆಯಲು ಹೆದರದ ಹೆಂಗಸಿಗೆ!
ಹುಣ್ಣಿನ ವಾಸನೆ ತಡೆಯಲಿಕ್ಕೆ ಬಾಗಿ, ಅನ್ನುತ್ತಿದ್ದರು.
ಒಂದೂ ಹುಣ್ಣು ಬಾರದ ಭಾನುವಾರವೂ ಒಂದು ಚಿಟಿಕೆ.
ಮೂರು ಡಬ್ಬಿಯ ದುಡ್ಡು ಬಾಕಿ ಇಟ್ಟೇ ಹೋದರು.
ಸಂತರಾದವರ ಸಾಲ
ಯಾರ ಲೆಕ್ಕಕ್ಕೆ ಬರೆಯುತ್ತಾರೆ, ಫಾದರ್?

ಅವರು ಮುಟ್ಟಿದ ವಸ್ತು ಏನಾದರೂ ಉಂಟಾ ಎಂದಿರಿ.
ಈ ಎದೆ ಉಂಟು.
ಕತ್ತರಿಸಿ ಗಾಜಿನ ಪೆಟ್ಟಿಗೆಯಲ್ಲಿ ಇಡಲಿಕ್ಕಾಗದು.
ನೀವು ತಲೆ ತಗ್ಗಿಸಿ ಬರೆದುಕೊಂಡಿರಿ: ಏನೂ ಇಲ್ಲ.

*

ಅದು ಹನ್ನೆರಡು ವರ್ಷದ ಹಿಂದಿನ ಮಾತು.
ಇವತ್ತು ಮೈದಾನದ ತುಂಬ ಬಿಳಿ ಚಪ್ಪರ,
ಬ್ಯಾಂಡು, ಬಿಷಪ್ಪರು, ಪರದೆಯ ಮೇಲೆ ರೋಮು.
ಆ ಫಾದರ್ ತೀರಿಕೊಂಡರಂತೆ. ಒಳ್ಳೆಯವರು,
ಸಾಕ್ಷಿ ಮುಗಿದ ಮೇಲೆ ಆಟೋದ ದುಡ್ಡು ಕೊಟ್ಟಿದ್ದರು.

ಪಟದ ಮೇಲಿನ ರೇಷ್ಮೆ ಸರಿಯಿತು.
ಗುಲಾಬಿ ಕೆನ್ನೆ, ಐದೂ ಉಗುರು.
ಎಲ್ಲರೂ ಮೊಣಕಾಲೂರಿದರು.
ನನ್ನ ಮೊಣಕಾಲು ಹಂಚಿಗೇ ಖರ್ಚಾಗಿದೆ, ಬಗ್ಗುವುದಿಲ್ಲ.
ನಿಂತಲ್ಲೇ ಸೆರಗಿನ ಗಂಟು ಬಿಚ್ಚಿದೆ,
ಒಂದು ಚಿಟಿಕೆ ಏರಿಸಿದೆ, ಅವರ ಬಾಕಿಯದ್ದು.
ಅಷ್ಟು ಜನರ ಅಷ್ಟು ಮೌನದ ಒಳಗೆ
ಎಂಥ ಸೀನು ಬಂತು ಅಂತೀರಿ!

ಮುಂದಿನ ಸಾಲಿನ ಎಳೆಯ ಸಿಸ್ಟರ್ ತಿರುಗಿದಳು.
ಬೈಯಲಿಲ್ಲ, ಕರವಸ್ತ್ರ ಚಾಚಿದಳು.
ಇಸಿದುಕೊಳ್ಳುವಾಗ ಅವಳ ಬೆರಳು ನೋಡಿದೆ.
ಐದೂ ಉಗುರು ಇದ್ದವು.
ಇರಲಿ,
ಇನ್ನೂ ಸಣ್ಣ ಪ್ರಾಯ.